ಫಿಯೆಟ್ಟೋ, ಹೆರಾಲ್ಡೋ? ಮೊದಲ ಹಳೇ ಕಾರು ಕೊಳ್ಳುವ ಮುಂಚೆ

"ಪದ್ಮಿನಿ ತಗೊಳ್ಳಲಾ, ಹೆರಾಲ್ಡ್ ತಗೊಳ್ಳಲಾ?" ಹಳೇ ಕಾರಿನ ಹುಚ್ಚು ಹೊಸದಾಗಿ ಹತ್ತಿದವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಇದೇ. ಅಂಬಾಸಿಡರ್ ಇಷ್ಟ, ಆದರೆ ಗೇಟಿನೊಳಗೆ ಹಿಡಿಸುವುದಿಲ್ಲ. ಮಾರುತಿ 800 ಚೆನ್ನಾಗಿದೆ, ಆದರೆ ಇನ್ನೂ ಹಳೇ ಕಾರು ಅನ್ನಿಸುವುದಿಲ್ಲ. ಉಳಿಯುವುದು ಎರಡೇ: ಜನ ಫಿಯೆಟ್ ಅಂತಲೂ ಕರೆಯುವ ಪದ್ಮಿನಿ, ಇನ್ನೊಂದು ಹೆರಾಲ್ಡ್. ನಮ್ಮ ಅಪ್ಪನದು ಪದ್ಮಿನಿ, ಸೋದರಮಾವನದು ಹೆರಾಲ್ಡ್. ನಾನು ಓಡಿಸೋಕೆ ಕಲಿತಿದ್ದು ಮೊದಲನೆಯದರಲ್ಲಿ, ಆಸೆಪಟ್ಟಿದ್ದು ಎರಡನೆಯದಕ್ಕೆ. ಆದ್ದರಿಂದ ಯಾವ ಕಡೆಗೂ ವಕೀಲಿ ಮಾಡದೆ ಹೇಳಬಲ್ಲೆ ಅಂದುಕೊಂಡಿದ್ದೇನೆ.

ಕಾರು ನೋಡೋಕೆ ಹೋಗುವ ಮುಂಚೆ ಮನೆಯಲ್ಲೇ ಕೂತು ಕೆಲವು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕಾರಿನಲ್ಲಿ ಯಾರು ಕೂರುತ್ತಾರೆ? ನೀವೊಬ್ಬರೇನಾ, ಅಪ್ಪ ಅಮ್ಮ ಮಕ್ಕಳೂನಾ? ಓಡಿಸುವುದು ಊರೊಳಗೋ, ಘಾಟಿಗೋ? ನಿಮ್ಮ ಮನೆಯಿಂದ 10 ಕಿಲೋಮೀಟರ್ ಒಳಗೆ ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇದ್ದಾನಾ? ಕೈಗೆ ಗ್ರೀಸ್ ಮೆತ್ತಿಕೊಳ್ಳೋಕೆ ನೀವೇ ತಯಾರಾ? ಭಾನುವಾರ ಬೆಳಿಗ್ಗೆ ಕಾಫಿಗೆ ಹೋಗಿ ಬರೋಕೆ ಬೇಕೋ, ಬೇಕೆಂದಾಗ ಹತ್ತಿ ಹೊರಡೋಕೆ ಬೇಕೋ? ದುಡ್ಡಿನ ಪ್ರಶ್ನೆ ಕೊನೆಗಿಡಿ. ಕೊಳ್ಳುವ ಬೆಲೆ ಒಂದು ಸಲದ್ದು, ಈ ಉತ್ತರಗಳು ತಪ್ಪಾದರೆ ಆಗುವ ಖರ್ಚು ಪ್ರತಿ ತಿಂಗಳದ್ದು.

ಈಗ ಇಬ್ಬರ ಜಾತಕ.

ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಕಂಪನಿ. ಅದು 1964ರಿಂದ ಇಟಲಿಯ ಫಿಯೆಟ್ 1100ಡಿ ಕಾರನ್ನು ಇಲ್ಲೇ ತಯಾರಿಸಿತು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಿಟ್ಟರು, ಚಿತ್ತೋರಿನ ರಾಣಿಯ ಹೆಸರು. 2000ದ ಆಸುಪಾಸಿನವರೆಗೂ ಹೆಚ್ಚುಕಡಿಮೆ ಅದೇ ಕಾರು ಹೊರಗೆ ಬರುತ್ತಲೇ ಇತ್ತು. ಗ್ರಿಲ್ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು, ಮೈಕಟ್ಟು ಬದಲಾಗಲಿಲ್ಲ. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿ ಕೊಂಡದ್ದು ಈ ಫಿಯೆಟ್ಟನ್ನೇ. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ಅಂದರೂ ಇದೇ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಗಡುವು ಮುಗಿಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರಿನಲ್ಲಿ.

ಹೆರಾಲ್ಡ್ ಮದ್ರಾಸಿನ ಕೂಸು. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಇಲ್ಲಿ ತಯಾರಿಸಿತು. ಅದರ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಹೀಗಾಗಿ ಎರಡಕ್ಕೂ ಇಟಲಿಯ ರಕ್ತ ಇದೆ ಅನ್ನಬಹುದು. ಮೊದಲು ಬಂದವು ಎರಡು ಬಾಗಿಲಿನವು. ಆಮೇಲೆ ಬಂದ ಮಾರ್ಕ್ 3 ನಾಲ್ಕು ಬಾಗಿಲಿನದು. ಬ್ರಿಟನ್ನಿನಲ್ಲೂ ಇಲ್ಲದ ಮಾದರಿ ಅದು, ನಮ್ಮವರೇ ಮಾಡಿಕೊಂಡದ್ದು. 70ರ ದಶಕದ ಶುರುವಿನಲ್ಲಿ ಹೆರಾಲ್ಡ್ ನಿಂತು ಅದರ ಜಾಗಕ್ಕೆ ಗೆಜೆಲ್ ಬಂತು.

ಇಲ್ಲೇ ಒಂದು ಲೆಕ್ಕ ಗಮನಿಸಿ. ಒಂದು ಮೂರೂವರೆ ದಶಕ ಓಡಿದ ಕಾರು, ಇನ್ನೊಂದು ಒಂದೇ ದಶಕದ್ದು. ಮುಂದೆ ನಾನು ಹೇಳುವ ಅರ್ಧ ಮಾತು ಈ ಲೆಕ್ಕದಿಂದಲೇ ಬರುತ್ತದೆ.

ಪಿಕಪ್ಪು ಯಾವುದರದು ಜಾಸ್ತಿ?

ಫಿಯೆಟ್ಟಿನದು 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಇಟಲಿಯ 1100ಡಿಗೆ 1221 ಸಿಸಿ ಎಂಜಿನ್ ಇತ್ತು, ನಮಗೆ ಸಿಕ್ಕಿದ್ದು ಚಿಕ್ಕದು. ಹೆರಾಲ್ಡ್‌ನದು 948 ಸಿಸಿ, ಸುಮಾರು 35 ಅಶ್ವಶಕ್ತಿ. ಹಾಗಾದರೆ ಫಿಯೆಟ್ಟೇ ಗೆದ್ದಿತು ಅಲ್ವಾ? ತಾಳಿ. ಫಿಯೆಟ್ 900 ಕೆಜಿಯ ಹತ್ತಿರ ತೂಗುತ್ತದೆ, ಎರಡು ಬಾಗಿಲಿನ ಹೆರಾಲ್ಡ್ 800ರ ಆಸುಪಾಸು. ಟನ್ನಿಗೆ ಎಷ್ಟು ಕುದುರೆ ಅಂತ ಲೆಕ್ಕ ಹಾಕಿದರೆ ಎರಡೂ 44ರ ಹತ್ತಿರ ಬಂದು ನಿಲ್ಲುತ್ತವೆ. ಮಾರುತಿ 800ರಲ್ಲಿ 650 ಕೆಜಿಗೆ 37 ಕುದುರೆ. ಅದು ಬಂದ ದಿನ ಇವೆರಡೂ ಮುದುಕರಾಗಿದ್ದು ಯಾಕೆ ಅಂತ ಈ ಒಂದು ಅಂಕಿ ಹೇಳಿಬಿಡುತ್ತದೆ.

ಬ್ರಿಟನ್ನಿನಲ್ಲಿ ಹೊಸದಿದ್ದಾಗಲೇ 948 ಸಿಸಿ ಹೆರಾಲ್ಡ್‌ಗೆ ಗಂಟೆಗೆ 60 ಮೈಲಿ, ಅಂದರೆ 97 ಕಿಲೋಮೀಟರ್ ಮುಟ್ಟೋಕೆ 30 ಸೆಕೆಂಡು ಬೇಕಾಗುತ್ತಿತ್ತು. ಇವತ್ತಿನ ಸ್ಕೂಟರು ನಿಮ್ಮನ್ನು ಹಿಂದೆ ಹಾಕುತ್ತದೆ, ಹಾಕಲಿ ಬಿಡಿ. ಎರಡರಲ್ಲೂ ಹಿತವಾದ ವೇಗ 60ರಿಂದ 70. 80ರ ಮೇಲೆ ಎರಡೂ ಕೂಗುತ್ತವೆ. ವ್ಯತ್ಯಾಸ ಗೊತ್ತಾಗುವುದು ಏರಿನಲ್ಲಿ, ಅದೂ ಜನ ತುಂಬಿಕೊಂಡಾಗ. ನಾಲ್ಕು ಜನ ಕೂತರೆ ಫಿಯೆಟ್ ಸುಸ್ತಾಗುವುದಿಲ್ಲ. ಮೂರನೇ ಗೇರಿನಲ್ಲಿ ಗೊಣಗುತ್ತಾ ಹತ್ತುತ್ತದೆ. ಹೆರಾಲ್ಡ್ ಅದೇ ಏರಿನಲ್ಲಿ ಎರಡನೇ ಗೇರು ಕೇಳುತ್ತದೆ. ಒಬ್ಬರೇ ಇದ್ದರೆ ಲೆಕ್ಕ ತಿರುಗಾಮುರುಗಾ, ಹೆರಾಲ್ಡೇ ಚುರುಕು ಅನ್ನಿಸುತ್ತದೆ.

ಮೈಲೇಜಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಟ್ಯೂನ್ ಸರಿ ಇದ್ದರೆ ಎರಡೂ ಲೀಟರಿಗೆ 10ರಿಂದ 12 ಕೊಡುತ್ತವೆ. ಅದಕ್ಕಾಗಿ ಇವನ್ನು ಯಾರೂ ಕೊಳ್ಳುವುದಿಲ್ಲ.

ಸ್ಟಿಯರಿಂಗ್ ಹಿಡಿದಾಗ

ಅಸಲು ವ್ಯತ್ಯಾಸ ಇಲ್ಲಿದೆ. ಹೆರಾಲ್ಡ್‌ನ ಸ್ಟಿಯರಿಂಗ್ ರ‍್ಯಾಕ್ ಅಂಡ್ ಪಿನಿಯನ್. ಬೆರಳಿನಲ್ಲಿ ತಿರುಗಿಸಬಹುದು ಅನ್ನುವಷ್ಟು ಹಗುರ. ಮುಂದಿನ ಚಕ್ರಗಳು ಎಷ್ಟು ತಿರುಗುತ್ತವೆ ಅಂದರೆ 7.6 ಮೀಟರ್ ಅಗಲದೊಳಗೆ ಇಡೀ ಕಾರು ಒಂದು ಸುತ್ತು ಹಾಕುತ್ತದೆ. ನಮ್ಮ ಮಾವ ಮನೆಯೆದುರಿನ ರಸ್ತೆಯಲ್ಲಿ ರಿವರ್ಸ್ ಹಾಕದೆ ಒಂದೇ ಏಟಿಗೆ ಹೊರಳಿಸುತ್ತಿದ್ದರು, ನೋಡೋಕೆ ಹುಡುಗರು ನಿಲ್ಲುತ್ತಿದ್ದರು. ಮಲ್ಲೇಶ್ವರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ, ಮೈಸೂರಿನ ಅಗ್ರಹಾರದ ಗಲ್ಲಿಗಳಲ್ಲಿ ಇದು ದೊಡ್ಡ ಸುಖ. ಫಿಯೆಟ್ ಅದೇ ಕೆಲಸಕ್ಕೆ 10 ಮೀಟರಿಗಿಂತ ಜಾಸ್ತಿ ಜಾಗ ಕೇಳುತ್ತದೆ. ನಿಂತಲ್ಲೇ ತಿರುಗಿಸಿದರೆ ತೋಳು ನೋಯುತ್ತದೆ.

ಗೇರಿನದು ಇನ್ನೊಂದು ಕಥೆ. ಹೆರಾಲ್ಡ್‌ನಲ್ಲಿ ಅದು ನೆಲದ ಮೇಲಿದೆ, ಈಗಿನ ಕಾರಿನ ಹಾಗೆ. ಫಿಯೆಟ್ಟಿನಲ್ಲಿ ಸ್ಟಿಯರಿಂಗಿನ ಎಡಕ್ಕೆ ಕೊಡೆಯ ಹಿಡಿಯಂತೆ ಚಾಚಿಕೊಂಡಿದೆ. ಹೊಸಬರಿಗೆ ಮೊದಲ ವಾರ ಪಜೀತಿ. ಎರಡನೇ ವಾರ ಅಭ್ಯಾಸವಾಗುತ್ತದೆ, ಮೂರನೇ ವಾರ ಅದೇ ಇಷ್ಟವಾಗುತ್ತದೆ. ಆದರೆ ಕಡ್ಡಿಯಿಂದ ಗೇರುಬಾಕ್ಸಿನವರೆಗೆ ಹೋಗುವ ಸರಳುಗಳ ಬುಷ್‌ಗಳು ಸವೆದಿದ್ದರೆ ಒಂದನೇ ಗೇರು ಎಲ್ಲಿದೆ ಅಂತ ಹುಡುಕಾಡಬೇಕು. ಚಿಕ್ಕ ರಿಪೇರಿ, ಹೆದರಬೇಡಿ. ಕೊನೆಕೊನೆಯ ಪದ್ಮಿನಿಗಳಲ್ಲಿ ಗೇರು ನೆಲಕ್ಕೆ ಬಂದಿದೆ.

ಎರಡರಲ್ಲೂ ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಓಡುವಾಗಲೂ ಗೇರು ಸಲೀಸಾಗಿ ಕೂರುವಂತೆ ಮಾಡುವ ಏರ್ಪಾಡು, ಇಲ್ಲ. ಪೂರ್ತಿ ನಿಂತ ಮೇಲೇ ಹಾಕಬೇಕು. ಚಾರ್ಮಾಡಿಯ ತಿರುವಿನಲ್ಲಿ ಮುಂದಿನ ಲಾರಿ ಉಸಿರು ಕಟ್ಟಿ ನಿಧಾನವಾದಾಗ ಓಡುತ್ತಿರುವ ಕಾರಿಗೆ ಒಂದನೇ ಗೇರು ಹಾಕಹೊರಟರೆ ಕೇಳುವ ಸದ್ದು ಒಮ್ಮೆ ಕೇಳಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ. ಕ್ಲಚ್ಚು ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು ಗೇರಿಳಿಸುವುದನ್ನು ಖಾಲಿ ಮೈದಾನದಲ್ಲಿ ಕಲಿತುಕೊಂಡು ಘಾಟಿಗೆ ಹೋಗಿ. ಬ್ರೇಕು ಎರಡರಲ್ಲೂ ನಾಲ್ಕು ಚಕ್ರಕ್ಕೂ ಡ್ರಮ್ಮೇ. ಇಳಿಜಾರಿನಲ್ಲಿ ಗೇರೇ ನಿಮ್ಮ ಬ್ರೇಕು.

ಇನ್ನು ಹೆರಾಲ್ಡ್‌ನ ಹಿಂಬದಿ. ಆ ಕಾಲಕ್ಕೆ ದೊಡ್ಡ ಮಾತು: ಹಿಂದಿನ ಎರಡು ಚಕ್ರಗಳೂ ಬೇರೆಬೇರೆಯಾಗಿ ಕುಣಿಯುವ ಸ್ವಿಂಗ್ ಆಕ್ಸಲ್, ಅಡ್ಡಕ್ಕೆ ಒಂದೇ ಪಟ್ಟಿ ಸ್ಪ್ರಿಂಗು. ಹಳ್ಳಕೊಳ್ಳದ ರಸ್ತೆಯಲ್ಲಿ ಬೆನ್ನಿಗೆ ಹಿತ. ಆದರೆ ಹಿಂದೆ ಮೂರು ಜನ ಕೂತು ಡಿಕ್ಕಿಗೆ ಅಕ್ಕಿ ಮೂಟೆ ಹಾಕಿದರೆ ಚಕ್ರಗಳ ಬುಡ ಹೊರಚಾಚಿ, ಕಾಲಗಲಿಸಿ ನಿಂತ ಎಮ್ಮೆಯ ಹಾಗೆ ಕಾಣುತ್ತದೆ. ಜಾಕ್ ಕೊಟ್ಟು ಎತ್ತಿದರೆ ಅವೇ ಚಕ್ರ ಒಳಮಡಚಿಕೊಳ್ಳುತ್ತವೆ. ತಿರುವಿಗೆ ಜೋರಾಗಿ ನುಗ್ಗಿ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಆಗುವುದೂ ಇದೇ. ಹೊರಗಿನ ಚಕ್ರ ಒಳಮಡಚಿ ಕಾರಿನ ಹಿಂಭಾಗ ಜಾರುತ್ತದೆ. ತಿರುವಿಗೆ ಮುಂಚೆಯೇ ನಿಧಾನಿಸಿ, ಒಳಹೊಕ್ಕ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತಿದ್ದರೆ ಏನೂ ಆಗುವುದಿಲ್ಲ. ನಮ್ಮ ಜನಕ್ಕೆ ಈ ಸ್ವಿಂಗ್ ಆಕ್ಸಲ್ ಅಷ್ಟಾಗಿ ಒಗ್ಗಲಿಲ್ಲ. ಗೆಜೆಲ್ ಬಂದಾಗ ಕಂಪನಿಯೇ ಅದನ್ನು ತೆಗೆದು ಸಾದಾ ಗಟ್ಟಿ ಆಕ್ಸಲ್ ಹಾಕಿತು. ಫಿಯೆಟ್ಟಿನಲ್ಲಿ ಮೊದಲಿನಿಂದಲೂ ಗಟ್ಟಿ ಆಕ್ಸಲ್, ಎರಡು ಕಡೆ ಪಟ್ಟಿ ಸ್ಪ್ರಿಂಗು. ಎತ್ತಿನಗಾಡಿಯ ಬುದ್ಧಿ, ಆದರೆ ಮೋಸ ಮಾಡುವುದಿಲ್ಲ.

ಮನೆಮಂದಿ ಕೂರುವುದು

ಇಲ್ಲಿ ಫಿಯೆಟ್ಟಿನದೇ ಮೇಲುಗೈ. ಗೇರು ಮೇಲಿರುವುದರಿಂದ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಮಧ್ಯೆ ಒಂದು ಮಗು ಆರಾಮಾಗಿ ಕೂರುತ್ತಿತ್ತು. ಆ ಮಗು ನಾನೇ ಆಗಿದ್ದೆ. ಈಗ ಹಾಗೆ ಕೂರಿಸಬೇಡಿ, ಬೆಲ್ಟಿಲ್ಲದ ಕಾರು ಅದು. ನಾಲ್ಕು ಬಾಗಿಲು, ನೆಟ್ಟಗಿನ ಸೀಟು. ಮಂಡಿನೋವಿನ ಅಜ್ಜಿಗೂ ಹತ್ತಿ ಇಳಿಯೋದು ಸುಲಭ.

ಎರಡು ಬಾಗಿಲಿನ ಹೆರಾಲ್ಡ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. ಸೀರೆ ಉಟ್ಟವರು ಒಮ್ಮೆ ಹತ್ತಿದರೆ ಮತ್ತೆ ಹತ್ತುವುದಿಲ್ಲ. ಮನೆಯವರೂ ಬರುತ್ತಾರೆ ಅಂದರೆ ಮಾರ್ಕ್ 3 ಮಾತ್ರ ನೋಡಿ. ಹೆರಾಲ್ಡ್‌ನ ಒಂದು ಒಳ್ಳೇತನ ಅದರ ಗಾಜು. ಕಂಬಗಳು ಸಣ್ಣ, ಕಿಟಕಿ ದೊಡ್ಡದು, ನಾಲ್ಕೂ ದಿಕ್ಕು ಕಾಣುತ್ತದೆ. ಪಾರ್ಕಿಂಗ್‌ಗೆ ಕ್ಯಾಮೆರಾ ಬೇಕು ಅನ್ನಿಸುವುದೇ ಇಲ್ಲ.

ಗ್ಯಾರೇಜಿನಲ್ಲಿ

ಹೆರಾಲ್ಡ್‌ನ ಬಾನೆಟ್ ತೆಗೆಯುವುದನ್ನು ನೀವು ಕಣ್ಣಾರೆ ನೋಡಬೇಕು. ಎರಡು ಕಡೆಯ ಕೊಂಡಿ ಬಿಡಿಸಿ ಎತ್ತಿದರೆ ಬಾನೆಟ್, ಮಡ್‌ಗಾರ್ಡ್, ಹೆಡ್‌ಲೈಟು ಸಮೇತ ಕಾರಿನ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು, ಸ್ಟಿಯರಿಂಗು, ಶಾಕಬ್ಸರ್ ಎಲ್ಲ ಬಟ್ಟಬಯಲು. ಮುಂದಿನ ಟಯರಿನ ಮೇಲೆ ಕೂತುಕೊಂಡೇ ಪ್ಲಗ್ ಬಿಚ್ಚಬಹುದು. ಸ್ವಂತ ಕೈಯಲ್ಲಿ ಕೆಲಸ ಮಾಡುವ ಆಸೆ ಇದ್ದವರಿಗೆ ಇಷ್ಟು ಅನುಕೂಲದ ಕಾರು ನಾನು ಬೇರೆ ನೋಡಿಲ್ಲ. ಬಾಡಿ ಪ್ರತ್ಯೇಕ ಷಾಸಿಯ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು, ತುಂಡುತುಂಡಾಗಿ ಬಿಚ್ಚಿ ಬರುತ್ತದೆ. ಅದಕ್ಕೇ ಅದು ಓಡುವಾಗ ಪಾತ್ರೆ ಅಂಗಡಿಯ ಹಾಗೆ ಕಟಕಟ ಅನ್ನುವುದೂ ಹೌದು.

ಆದರೆ ಕೆಲಸ ಮಾಡೋಕೆ ಸಾಮಾನು ಬೇಕಲ್ಲ. ಪದ್ಮಿನಿಯ ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟು, ಪೆಟ್ರೋಲ್ ಪಂಪಿನ ಡಯಾಫ್ರಾಂ ಈಗಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಬಹುದಾದ ವಸ್ತುಗಳು. ಸಿಗದಿದ್ದರೆ ಮುಂಬೈಯಿಂದ ಕೊರಿಯರ್. ಲಕ್ಷಗಟ್ಟಲೆ ಟ್ಯಾಕ್ಸಿ ಕಿಲೋಮೀಟರ್ ಓಡಿದ ಕಾರಿಗೆ ಇಷ್ಟಾದರೂ ಬೇಡವೇ? ಐವತ್ತು ದಾಟಿದ ಯಾವ ಮೆಕ್ಯಾನಿಕ್ಕಿಗೂ ಫಿಯೆಟ್ ಕಣ್ಣು ಮುಚ್ಚಿ ಗೊತ್ತು.

ಹೆರಾಲ್ಡ್‌ಗೆ ಎರಡು ದಾರಿ. ಎಂಜಿನ್ನಿನದು ಅಷ್ಟು ಕಷ್ಟವಿಲ್ಲ. ಹಳೇ ಸ್ಟ್ಯಾಂಡರ್ಡ್ 10ರಲ್ಲೂ ಇದೇ 948 ಸಿಸಿ ಇತ್ತು, ಬ್ರಿಟನ್ನಿನಲ್ಲಿ ಟ್ರಯಂಫ್ ಅಭಿಮಾನಿಗಳಿಗಾಗಿ ಹೊಸ ಬಿಡಿಭಾಗ ಮಾಡಿ ಮಾರುವವರು ಇಂದಿಗೂ ಇದ್ದಾರೆ. ತರಿಸಬಹುದು, ಸುಂಕ ಕಟ್ಟಬೇಕು, ಕಾಯಬೇಕು. ಕಷ್ಟ ಇರುವುದು ಮಾರ್ಕ್ 3ರ ಹಿಂಬಾಗಿಲು, ಅದರ ಗಾಜು, ಬೀಡಿಂಗು ಇಂಥವುಗಳದ್ದು. ಅವು ಬ್ರಿಟನ್ನಿನಲ್ಲೇ ಹುಟ್ಟಿಲ್ಲ, ಅಲ್ಲಿಂದ ಬರುವುದೂ ಇಲ್ಲ. ಆದ್ದರಿಂದ ಹೆರಾಲ್ಡ್ ಕೊಳ್ಳುವಾಗ ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಬಾಡಿಯ ಒಂದೊಂದು ತುಣುಕೂ ಜಾಗದಲ್ಲಿರಬೇಕು. ಪದ್ಮಿನಿಗೆ ಇಷ್ಟು ಕಟ್ಟುನಿಟ್ಟು ಬೇಡ.

ತುಕ್ಕಿನ ಮಾತು ಬಂದರೆ ನನ್ನದೇ ತಲೆದಂಡದ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾರಿಗೆ ಅಡ್ವಾನ್ಸ್ ಕೊಟ್ಟೆ. ಬಣ್ಣ ಕನ್ನಡಿ, ಮುಖ ನೋಡಿಕೊಳ್ಳಬಹುದಿತ್ತು. ಮನೆಗೆ ತಂದ ಮೊದಲ ಮಳೆಗಾಲಕ್ಕೆ ಬಾಗಿಲ ಕೆಳಗಿನ ಪಟ್ಟಿ ಉಬ್ಬಿತು. ಬೆರಳಲ್ಲಿ ಒತ್ತಿದೆ. ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ತಗಡೇ ಇರಲಿಲ್ಲ, ಯಾವನೋ ಟಿಂಕರಿಂಗ್ ಮೇಸ್ತ್ರಿ ಜಾಲರಿ ಇಟ್ಟು ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದ. ಅಂದಿನಿಂದ ಕಾರು ನೋಡೋಕೆ ಹೋದರೆ ಜೇಬಿನಲ್ಲಿ ಫ್ರಿಡ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಇರುತ್ತದೆ, ಕರವಸ್ತ್ರದಲ್ಲಿ ಸುತ್ತಿ. ಬಣ್ಣದ ಮೇಲೆ ಆಡಿಸುತ್ತಾ ಹೋಗಿ. ಎಲ್ಲಿ ಹಿಡಿತ ಬಿಟ್ಟು ಬೀಳುತ್ತದೋ ಅಲ್ಲಿ ಪುಟ್ಟಿ. ಫಿಯೆಟ್ಟಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಅದರ ನೆಲ, ಬಾಗಿಲ ಕೆಳಪಟ್ಟಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಕೊಳೆತಿದ್ದರೆ ಸುಮ್ನೆ ವಾಪಸ್ ಬನ್ನಿ. ಹೆರಾಲ್ಡ್‌ನಲ್ಲಿ ಬಗ್ಗಿ ಷಾಸಿಯಿಂದ ಪಕ್ಕಕ್ಕೆ ಚಾಚುವ ತೋಳುಗಳನ್ನು ನೋಡಿ, ನೀರು ಮಣ್ಣು ಕೂರುವುದು ಅಲ್ಲೇ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಇನ್ನೂ ಹುಷಾರು.

ಪೆಟ್ರೋಲು ಮತ್ತು ಕಾಗದ

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಅದು ಹಳೇ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಯಾವ ಕಾರು ಕೊಂಡರೂ ಮೊದಲ ವಾರವೇ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಂ, ಕಾರ್ಬುರೇಟರ್ ಕಿಟ್ಟು ಹೊಸದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿಡಿ. ಇನ್ನೊಂದು ಸೂಕ್ಷ್ಮ ಇದೆ. 2000ದಿಂದ ಪೆಟ್ರೋಲಿನಲ್ಲಿ ಸೀಸ ಇಲ್ಲ. ಫಿಯೆಟ್ಟಿನ ಹೆಡ್ಡು, ಅಂದರೆ ಎಂಜಿನ್ನಿನ ಮೇಲ್ಭಾಗ, ಅಲ್ಯುಮಿನಿಯಂ, ವಾಲ್ವ್ ಕೂರಲು ಪ್ರತ್ಯೇಕ ಬಳೆ ಹಾಕಿದ್ದಾರೆ. ಹೆರಾಲ್ಡ್‌ನ ಹೆಡ್ಡು ಬೀಡುಕಬ್ಬಿಣ, ವಾಲ್ವ್ ಅದರ ಮೇಲೇ ಕೂರುತ್ತದೆ. ಸೀಸವಿಲ್ಲದೆ ಹೆದ್ದಾರಿಯಲ್ಲಿ ಎಳೆದೆಳೆದು ಓಡಿಸಿದರೆ ಆ ಜಾಗ ಬೇಗ ಸವೆಯುತ್ತದೆ. ಎಂಜಿನ್ ಬಿಚ್ಚಿದಾಗ ಗಟ್ಟಿ ಬಳೆ ಹಾಕಿಸಿಬಿಡಿ, ಚಿಂತೆ ಮುಗಿಯಿತು.

ಕಾಗದದ ವಿಷಯದಲ್ಲಿ ಎಷ್ಟೋ ಜನ ಎಡವುತ್ತಾರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಹೆರಾಲ್ಡ್‌ಗಳೆಲ್ಲ ವಯಸ್ಸಿನಲ್ಲಿ ಪಾಸು, 80ರ ದಶಕದ ಪದ್ಮಿನಿ ಫೇಲು. ಹಾಗಂತ ಕುಣಿಯಬೇಡಿ. ವಿಎ ನಂಬರಿನ ಕಾರನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲು ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಇಲ್ಲ. ವಾರವಾರ ಓಡಿಸುವ ಆಸೆ ಇದ್ದರೆ ಹಳೇ ನಂಬರಿನಲ್ಲೇ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗುವುದೇ ಸರಿ. ಆರ್‌ಸಿಯಲ್ಲಿರುವ ಎಂಜಿನ್, ಷಾಸಿ ನಂಬರನ್ನು ಕಾರಿನ ಮೇಲೆ ನೀವೇ ಓದಿ. ಮಾಲೀಕರು ತೀರಿಹೋಗಿದ್ದು ವಾರಸುದಾರರು ನಾಲ್ವರಿದ್ದರೆ, ಅವರ ಸಹಿ ಆಗುವವರೆಗೆ ದುಡ್ಡು ಕೊಡಬೇಡಿ.

ಹಾಗಾದರೆ ಯಾವುದು?

ಇದೇ ಮೊದಲ ಹಳೇ ಕಾರು, ಮನೆಯವರೂ ಬರುತ್ತಾರೆ, ಮೈಸೂರಿಗೋ ಧರ್ಮಸ್ಥಳಕ್ಕೋ ಒಮ್ಮೊಮ್ಮೆ ಹೋಗಬೇಕು ಅನ್ನುವವರಿಗೆ ನನ್ನ ಉತ್ತರ ಪದ್ಮಿನಿ. ಅದರಲ್ಲೂ 80ರ ದಶಕದ್ದು. ಸೊಗಸು ಬೇಕಾದರೆ 60ರ ದಶಕದ 1100ಡಿ. ದುಡ್ಡು ಜಾಸ್ತಿ ಬಿದ್ದರೂ ನೋಡೋಕೆ ಅದೇ ಚೆಂದ.

ಗ್ಯಾರೇಜೊಂದು ಮನೆಯಲ್ಲೇ ಇದೆ, ಸ್ಪ್ಯಾನರ್ ಸೆಟ್ಟಿದೆ, ಓಡಿಸುವುದು ಹೆಚ್ಚಾಗಿ ನೀವೊಬ್ಬರೇ, ಕಾಯುವ ತಾಳ್ಮೆಯೂ ಇದೆ ಅಂದರೆ ಹೆರಾಲ್ಡ್. ಓಡಿಸುವ ಖುಷಿಯಲ್ಲಿ ಫಿಯೆಟ್ ಅದರ ಹತ್ತಿರಕ್ಕೂ ಬರುವುದಿಲ್ಲ, ಇದು ಅಪ್ಪನಿಗೆ ಕೇಳಿಸದಂತೆ ಹೇಳುವ ಮಾತು. ಊರೊಳಗಷ್ಟೇ ಓಡಾಟ ಅಂದರೂ ಆ ಹಗುರ ಸ್ಟಿಯರಿಂಗಿಗೋಸ್ಕರ ಹೆರಾಲ್ಡ್ ಕಡೆ ವಾಲಬಹುದು. ಸ್ವಿಂಗ್ ಆಕ್ಸಲ್ ಭಯ ಇರುವವರು ಗೆಜೆಲ್ ಸಿಕ್ಕರೆ ನೋಡಿ, ಮಗುಚುವ ಮೂತಿ ಮಾತ್ರ ಅದರಲ್ಲಿಲ್ಲ.

ಬಜೆಟ್ಟು ಬಿಗಿ ಇದ್ದರೆ ಹೀಗೆ ಮಾಡಿ. ಪದ್ಮಿನಿಗಾದರೆ 100 ರೂಪಾಯಿಯಲ್ಲಿ 65 ಕೊಳ್ಳುವುದಕ್ಕೆ, 35 ಮೊದಲ ವರ್ಷದ ರಿಪೇರಿಗೆ. ಹೆರಾಲ್ಡ್‌ಗೆ ಅರ್ಧಕ್ಕರ್ಧ. ನನ್ನ ಅನುಭವದ ಲೆಕ್ಕ ಇದು, ಶಾಸ್ತ್ರವಲ್ಲ. ಅರ್ಧಕ್ಕರ್ಧ ಎತ್ತಿಡೋಕೆ ಆಗದಿದ್ದರೆ ಹೆರಾಲ್ಡ್ ಇನ್ನೆರಡು ವರ್ಷ ಕಾಯಲಿ.

ಕೊನೆಗೆ, ಕಾರು ನೋಡೋಕೆ ಹೋಗುವ ಹೊತ್ತು. ಬರುತ್ತೇನೆ ಅಂತ ಫೋನಿನಲ್ಲಿ ಹೇಳಿದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಹೋಗಿ. ಹೋದ ತಕ್ಷಣ ಏನೂ ಮಾತಾಡದೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಚೋಕ್ ಎಳೆದು ಸೆಲ್ಫ್ ಹೊಡೆಯಲು ಹೇಳಿ, ಸೈಲೆನ್ಸರಿನ ಹಿಂದೆ ನಿಂತು ಹೊಗೆಯ ಬಣ್ಣ ನೋಡಿ. ನೀಲಿಯಾದರೆ ಪಿಸ್ಟನ್ ರಿಂಗೋ ವಾಲ್ವೋ ಹೋಗಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಬಾನೆಟ್ ಬೆಚ್ಚಗಿದ್ದರೆ ಅವರು ಆಗಲೇ ಸ್ಟಾರ್ಟ್ ಮಾಡಿ ಸಾಕಷ್ಟು ಹೊತ್ತು ಇಟ್ಟಿದ್ದಾರೆ ಅಂತ ಅರ್ಥ, ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೋ ಇಲ್ಲವೋ ಇವತ್ತು ಗೊತ್ತಾಗುವುದಿಲ್ಲ. ಕಾಫಿ ಕೊಟ್ಟರೆ ಕುಡಿದು, ನಾಳೆ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿ ಎದ್ದು ಬನ್ನಿ.